ದೇವರ ಕೋಣೆಯ ಹೊಗೆ, ಮಗನ ಉಬ್ಬಸ

ಪ್ರಶ್ನೆ: ಸಂಜೆ ಊದುಬತ್ತಿ ಹಚ್ಚಿದೊಡನೆ ಏಳು ವರ್ಷದ ಮಗನಿಗೆ ಕೆಮ್ಮು, ಎದೆಯಲ್ಲಿ ಸೀಟಿಯಂಥ ಸದ್ದು. ‘ನೈಸರ್ಗಿಕ ಬತ್ತಿ, ಏನೂ ಆಗದು’ ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ನಿಮ್ಮ ಅತ್ತೆಯವರ ಮಾತು ಅರ್ಧ ನಿಜ. ಕೃತಕ ಸುಗಂಧ ಇಲ್ಲದಿದ್ದರೆ ಕೆರಳಿಕೆಯ ಒಂದು ಕಾರಣ ತಪ್ಪಿತು, ಅಷ್ಟೇ. ಬಿದಿರು ಕಡ್ಡಿ, ಇದ್ದಿಲ ಪುಡಿ, ಅಂಟು ಎಲ್ಲವೂ ಗಿಡಮರದ್ದೇ. ಜ್ವಾಲೆಯಿಲ್ಲದೆ ಕನಲುತ್ತಾ ಅರೆಬರೆ ಸುಡುವುದರಿಂದಲೇ ಅವು ಸೂಕ್ಷ್ಮ ಕಣಗಳನ್ನೂ ಫಾರ್ಮಾಲ್ಡಿಹೈಡನ್ನೂ ಉಗುಳುತ್ತವೆ. ಅಳೆದು ನೋಡಿದಾಗ ಗ್ರಾಂ ಊದುಬತ್ತಿಗೆ ಸುಮಾರು 45 ಮಿಲಿಗ್ರಾಂ ಕಣ, ಸಿಗರೇಟಿಗೆ ಸುಮಾರು 10. ಕೆಂಡದ ಮೇಲಿನ ಸಾಂಬ್ರಾಣಿಯೂ ಹೊಗೆಯೇ. ‘ನಾವೆಲ್ಲ ಇದರಲ್ಲೇ ಬೆಳೆದೆವಲ್ಲ’ ಎಂಬ ಮಾತೂ ಬರುತ್ತದೆ. ಹಂಚಿನ ಸಂದಿಯಿಂದ ಹೊರಹೋಗುತ್ತಿದ್ದ ಹೊಗೆಗೆ ಕಿಟಕಿ ಮುಚ್ಚಿದ ಫ್ಲಾಟಿನಲ್ಲಿ ದಾರಿಯೆಲ್ಲಿ?

ಎರಡು ವಾರ ದೀಪ, ಹೂವು, ತೇಯ್ದ ಗಂಧದಲ್ಲೇ ಪೂಜೆಯಾಗಲಿ. ಸೊಳ್ಳೆಬತ್ತಿಯನ್ನೂ ನಿಲ್ಲಿಸಿ, ಇಲ್ಲದಿದ್ದರೆ ಯಾವುದರ ಹೊಗೆ ಎಂದು ತಿಳಿಯುವುದಿಲ್ಲ. ಕೆಮ್ಮಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆದರೆ ಸೀಟಿ ಸದ್ದಿರುವುದರಿಂದ ಆ ಎರಡು ವಾರ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಇನ್‌ಹೇಲರ್ ಕೊಟ್ಟರೆ, ಕೆಮ್ಮು ಇಳಿಯಿತೆಂದು ನೀವಾಗಿ ನಿಲ್ಲಿಸಬೇಡಿ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ.