ಬಂಡೆ, ಕೆರೆ, ಹೂಮರ: ಹಳೇ ಬೆಂಗಳೂರಿನಲ್ಲಿ ಎರಡು ದಿನದ ಕ್ಯಾಮೆರಾ ನಡಿಗೆ

ನಿಸರ್ಗದ ಫೋಟೊ ತೆಗೆಯಬೇಕೆಂದರೆ ಬೆಂಗಳೂರಿನ ಹವ್ಯಾಸಿಗಳು ಶನಿವಾರ ರಾತ್ರಿಯೇ ನಂದಿ ಬೆಟ್ಟದ ದಾರಿ ಹಿಡಿಯುತ್ತಾರೆ, ರಜೆ ಸಿಕ್ಕರೆ ಸಕಲೇಶಪುರಕ್ಕೆ ಹೊರಡುತ್ತಾರೆ. ಊರಿನ ನಡುವೆಯೇ ಇರುವ ಮೂರು ಹಳೆಯ ಬಡಾವಣೆಗಳನ್ನು ಕ್ಯಾಮೆರಾ ಹಿಡಿದು ಸುತ್ತಿದವರು ಕಡಿಮೆ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಂ ಬೆಳೆದದ್ದು 1898ರ ಪ್ಲೇಗಿನ ನಂತರ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಗಾಳಿ ಬೆಳಕಿನ ಕಡೆಗೆ ಕಳಿಸಲೆಂದು. ರಸ್ತೆಗಳನ್ನು ನೇರವಾಗಿ ಎಳೆದರೂ ಬಂಡೆ, ಗುಡ್ಡ, ಕೆರೆಗಳು ಇದ್ದಲ್ಲೇ ಉಳಿದವು. ಇಲ್ಲಿಗೆ ಬರುವವರು ದೂರದ ಲೆಕ್ಕ ಹಾಕಬೇಕಿಲ್ಲ. ಯಾವ ತಿಂಗಳು, ಯಾವ ಹೊತ್ತು ಎಂಬುದನ್ನು ಸರಿಯಾಗಿ ಆರಿಸಿಕೊಂಡರೆ ಎರಡು ದಿನದಲ್ಲಿ ಕೈತುಂಬ ಚಿತ್ರ ಸಿಗುತ್ತದೆ.

ಯಾವಾಗ ಬರಬೇಕು

ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗುಗಳು ಎಲ್ಲಕ್ಕಿಂತ ಚೆನ್ನ. ಜನವರಿಯಲ್ಲಿ ಸೂರ್ಯ ಮೂಡುವುದು 6.45ರ ಸುಮಾರಿಗೆ, ಮುಳುಗುವುದು 6.10ರ ಆಸುಪಾಸಿನಲ್ಲಿ. ತಡವಾಗಿ ಮೂಡಿದ ಎಳೆಬಿಸಿಲು ಕೆರೆಯ ಮೇಲಿನ ಮಂಜನ್ನು ದಾಟಿ ಬರುತ್ತದೆ. ಬಣ್ಣ ಬೇಕಾದವರಿಗೆ ಫೆಬ್ರವರಿಯಿಂದ ಮೇ: ಮೊದಲು ಗುಲಾಬಿ ಮತ್ತು ಹಳದಿ ಟಬೂಬಿಯಾ, ಜೊತೆಗೆ ನೇರಳೆ ಜಕರಾಂಡ, ಹೊಂಗೆಯ ಹೊಸ ಚಿಗುರು, ಕೊನೆಗೆ ಕೆಂಪು ಗುಲ್‌ಮೊಹರ್. ಒಂದರ ಹೂ ಉದುರುವಾಗ ಇನ್ನೊಂದು ಅರಳಬೇಕೆಂದು ಯೋಚಿಸಿ ಮರ ನೆಡಿಸಿದ ಹೆಸರು, 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಅವರದು. ಈ ಹೂಮರಗಳ ಎದುರೇ ನಿಂತು ಚಿತ್ರ ಬರೆದವರು ರುಮಾಲೆ ಚನ್ನಬಸವಯ್ಯ (1910–1988). ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ಈ ಕಲಾವಿದರ ಕ್ಯಾನ್ವಾಸುಗಳನ್ನು ನೋಡಿ ಬಂದವರಿಗೆ ರಸ್ತೆಬದಿಯ ಮರವೊಂದನ್ನೇ ಇಡೀ ಚೌಕಟ್ಟಿಗೆ ತುಂಬುವ ಧೈರ್ಯ ಬರುತ್ತದೆ.

ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೇ ಇರುತ್ತಾನೆ. ನೆಟ್ಟ ಕೋಲಿಗೂ ನೆರಳು ಬೀಳದ ಆ ದಿನಗಳಲ್ಲಿ 10 ಗಂಟೆಯಿಂದ 4ರವರೆಗೆ ಕ್ಯಾಮೆರಾ ಚೀಲದಲ್ಲಿರಲಿ.

ಮೊದಲ ದಿನ: ಲಾಲ್‌ಬಾಗ್, ಬಸವನಗುಡಿ

ಮೆಟ್ರೊದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಬಂದಿಳಿದರೆ ತೋಟದ ಪಶ್ಚಿಮ ದ್ವಾರ ಹತ್ತಿರ. ಭಾನುವಾರ ರೈಲು ತಡವಾಗಿ ಶುರುವಾಗುವುದರಿಂದ ಅಂದು ಆಟೊ ಹಿಡಿಯುವುದು ಒಳ್ಳೆಯದು. ತೋಟ ಬೆಳಗ್ಗೆ 6ಕ್ಕೆ ತೆರೆಯುತ್ತದೆ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಈಗ 240 ಎಕರೆಯಷ್ಟಿದೆ. ಆದ್ದರಿಂದ ಎಲ್ಲವನ್ನೂ ನೋಡುವ ಆಸೆ ಬಿಟ್ಟು ನೇರ ಬಂಡೆಗೆ ಹೋಗಬೇಕು.

ಕೆಂಪೇಗೌಡ ಗೋಪುರ ನಿಂತಿರುವ ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂಬ ಹೆಸರು ಕೊಟ್ಟದ್ದು ಇದನ್ನು ನೋಡಿಯೇ. ಇಂದು ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹೆಚ್ಚಿನವರು ಗೋಪುರವನ್ನಷ್ಟೇ ತೆಗೆದು ಇಳಿಯುತ್ತಾರೆ. ಕಲ್ಲಿನ ಮೈಮೇಲಿನ ಬಿಳಿ ಕಪ್ಪು ಪಟ್ಟೆಗಳನ್ನು ನೋಡಲು ಮಂಡಿಯೂರಬೇಕು. ಸೂರ್ಯ ಮೂಡಿದ ಮೊದಲ ಅರ್ಧ ಗಂಟೆ ಬಿಸಿಲು ಅಡ್ಡಲಾಗಿ ಬಿದ್ದು ಬಂಡೆಯ ಉಬ್ಬು ತಗ್ಗುಗಳೆಲ್ಲ ಎದ್ದು ಕಾಣುತ್ತವೆ. ಮಳೆ ನಿಂತ ಕೂಡಲೇ ಪಟ್ಟೆಗಳ ಬಣ್ಣ ಗಾಢವಾಗುತ್ತದೆ, ಆದರೆ ಕಲ್ಲು ಜಾರುತ್ತದೆ.

ಅಲ್ಲಿಂದ ಕೆರೆಯ ಕಡೆಗೆ. ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿಗಳಿಗೆ 300 ಮಿ.ಮೀ. ಲೆನ್ಸ್ ಬೇಕಾಗುತ್ತದೆ, ಹಳೆಯ ಮರಗಳ ಪೊಟರೆಗಳಲ್ಲಿ ಹಾಲಕ್ಕಿಗಳು ಹಗಲಲ್ಲೂ ಇಣುಕುತ್ತವೆ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ (1932–2017) ಒ.ಸಿ. ಎಡ್ವರ್ಡ್ಸ್ ಅವರಿಂದ ಈ ವಿದ್ಯೆ ಕಲಿತದ್ದು ಫಿಲ್ಮಿನ ಕಾಲದಲ್ಲಿ. ಒಂದೊಂದು ಫ್ರೇಮಿಗೂ ದುಡ್ಡು ಸುರಿಯಬೇಕಿದ್ದ ಆ ದಿನಗಳಲ್ಲಿ ಹಕ್ಕಿಯ ನಡೆ ತಿಳಿದ ಮೇಲೆಯೇ ಬಟನ್ ಒತ್ತುತ್ತಿದ್ದರು. ಆ ಶಿಸ್ತು ಇಂದಿಗೂ ಬೇಕು: ಗೂಡಿನ ಹತ್ತಿರ ಹೋಗಬಾರದು, ಫ್ಲ್ಯಾಶ್ ಹಾಕಬಾರದು, ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಕರೆಯಬಾರದು. ಇನ್ನು, 1889ರಲ್ಲಿ ಅಡಿಗಲ್ಲು ಕಂಡ ಗಾಜಿನ ಮನೆಯ ಚಿತ್ರಕ್ಕೆ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಡುವುದೇ ವಾಸಿ. ಆಗ ಜನಜಂಗುಳಿಯಲ್ಲಿ ಕಟ್ಟಡವೇ ಕಾಣುವುದಿಲ್ಲ.

ತಿಂಡಿಗೆ ಗಾಂಧಿ ಬಜಾರ್. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಎಂಬುದನ್ನು ಮರೆಯದಿರಿ. ಹೊರಗೆ ಹೂವಿನವರು ಸೇವಂತಿಗೆ, ಕನಕಾಂಬರ ಕಟ್ಟುತ್ತಾ ಕೂತಿರುತ್ತಾರೆ. ‘ಅಮ್ಮ, ಒಂದು ಫೋಟೊ ತೆಗೀಲಾ?’ ಎಂದು ಕೇಳಿ, ಒಂದು ಮೊಳ ಹೂವು ಕೊಂಡರೆ ಮಾತೂ ಆಗುತ್ತದೆ, ಚಿತ್ರವೂ ಆಗುತ್ತದೆ.

ಸಂಜೆ 4ರ ನಂತರ ಬ್ಯೂಗಲ್ ರಾಕ್. ಲಾಲ್‌ಬಾಗಿನ ಬಂಡೆಯದೇ ಜಾತಿಯ ಕಲ್ಲು ಇಲ್ಲಿ ಮರಗಳ ನಡುವೆ ತಲೆಯೆತ್ತಿದೆ. ಮೇಲೆ ಬಾವಲಿಗಳು ತೂಗುತ್ತಿರುತ್ತವೆ. ಕತ್ತಲಾಗುವ ಮುನ್ನ ಅವು ಹಾರಲು ಶುರುಮಾಡುವಾಗ ಬಾನಿನ ಬೆಳಕಿಗೆ ಎಕ್ಸ್‌ಪೋಷರ್ ಇಟ್ಟರೆ ರೆಕ್ಕೆಯ ಆಕಾರ ಸ್ಪಷ್ಟ. ಪಕ್ಕದ ದೊಡ್ಡ ಬಸವನ ಗುಡಿಯ ಏಕಶಿಲಾ ನಂದಿ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಎಣ್ಣೆ ಮೆತ್ತಿ ಕಪ್ಪಾದ ಮೈಯನ್ನು ಕ್ಯಾಮೆರಾ ತಾನಾಗಿ ಅಳೆದರೆ ಬೂದು ಬಣ್ಣ ಬರುತ್ತದೆ, ಒಂದು ಸ್ಟಾಪ್ ಇಳಿಸಬೇಕು. ವೃಷಭಾವತಿ ನದಿ ಈ ಬಸವನ ಪಾದದಲ್ಲಿ ಹುಟ್ಟಿತೆಂಬ ನಂಬಿಕೆ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬರುವವರು ಹಿಂದಿನ ದಿನವೇ ಬಂದರೆ ರಾಶಿ ಸುರಿಯುವ ರೈತರು ಸಿಗುತ್ತಾರೆ.

ಗವಿಪುರದ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಶಿವಲಿಂಗ ಮುಟ್ಟುತ್ತದೆ. ಆ ಗಳಿಗೆ ಕಣ್ಣಿಗಿರಲಿ, ಒಳಗೆ ಕ್ಯಾಮೆರಾ ಬೇಡ. ಅಂಗಳದ ಸೂರ್ಯಪಾನ, ಚಂದ್ರಪಾನ ಎಂಬ ಕಲ್ಲಿನ ಚಕ್ರಗಳನ್ನು ಬೇರೆ ದಿನ ಬಂದು, ದೇವಸ್ಥಾನದವರನ್ನು ಕೇಳಿ ತೆಗೆಯಬಹುದು. ಹತ್ತಿರದಲ್ಲೇ ಕೆಂಪಾಂಬುಧಿ ಕೆರೆ.

ಎರಡನೇ ದಿನ: ಚಾಮರಾಜಪೇಟೆಯಿಂದ ಮಲ್ಲೇಶ್ವರಂ

ಬೆಳಕು ಹರಿಯುವ ಮೊದಲೇ ಕೆ.ಆರ್. ಮಾರ್ಕೆಟ್ ತಲುಪಬೇಕು. ಹೂವಿನ ವ್ಯಾಪಾರ ಆಗಲೇ ಜೋರಾಗಿರುತ್ತದೆ. ಮೇಲಿನ ಮಹಡಿಯಿಂದ ಕೆಳಗೆ ನೋಡಿದರೆ ಚೆಂಡು ಹೂವಿನ ರಾಶಿಗಳು ಒಂದೇ ಚೌಕಟ್ಟಿಗೆ ಸಿಗುತ್ತವೆ. ಐಎಸ್‌ಒ 1600ರಿಂದ 3200, ಶಟರ್ 1/125 ಸಾಕು. ಹೊರೆ ಹೊತ್ತವರ ದಾರಿಗೆ ಅಡ್ಡ ನಿಲ್ಲಬಾರದು, ಟ್ರೈಪಾಡ್ ಅಂತೂ ಬೇಡವೇ ಬೇಡ. ಅಲ್ಲಿಂದ ನಡೆದೇ ಹೋಗಬಹುದಾದ ಟಿಪ್ಪುವಿನ ಬೇಸಿಗೆ ಅರಮನೆ 1791ರಲ್ಲಿ ಪೂರ್ತಿಯಾದದ್ದು. ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ ಇಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಮರದ ಕಂಬ, ಕಮಾನುಗಳ ಸಾಲು ಬಿಸಿಲೇರಿದ ಮೇಲೂ ನೆರಳಿನ ಆಟ ಕೊಡುತ್ತದೆ. ಚಾಮರಾಜಪೇಟೆಯ ಒಳರಸ್ತೆಗಳಲ್ಲಿ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಕಡೆಗೆ ನಡೆದರೆ ಹಳೆಯ ಮನೆಗಳು ಅಲ್ಲಲ್ಲಿ ಸಿಗುತ್ತವೆ.

ಮಧ್ಯಾಹ್ನದ ಮೇಲೆ ಮೆಟ್ರೊದಲ್ಲಿ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಬಂದು, 8ನೇ ಕ್ರಾಸಿನ ಹೂ ಹಣ್ಣಿನ ಸಾಲನ್ನು ದಾಟಿ ಕಾಡು ಮಲ್ಲೇಶ್ವರ ದೇವಸ್ಥಾನದತ್ತ ಹೋಗಬೇಕು. ಎದುರಿನ ನಂದಿ ತೀರ್ಥ 1997ರವರೆಗೆ ಮಣ್ಣಿನಡಿ ಹೂತಿತ್ತು. ನಂದಿಯ ಬಾಯಿಂದ ಬರುವ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿ ಸೇರುತ್ತದೆ. 15ನೇ ಕ್ರಾಸಿನಲ್ಲಿ, ಬೆಳಕಿನ ಅಧ್ಯಯನಕ್ಕೆ 1930ರಲ್ಲಿ ನೊಬೆಲ್ ಪಡೆದ ಸಿ.ವಿ. ರಾಮನ್ ಅವರ ಮನೆ ‘ಪಂಚವಟಿ’ ಇದೆ. ಇದಾಗಲಿ, ಕಿಟಕಿಯ ಮೇಲೆ ‘ಮಂಕಿ ಟಾಪ್’ ಎಂಬ ಮರದ ಚೂಪು ಮಾಡಿರುವ ಇತರ ಮನೆಗಳಾಗಲಿ, ರಸ್ತೆಯಿಂದಲೇ ಚಿತ್ರ ತೆಗೆಯಬೇಕು. ಅಂಗಳದಲ್ಲಿ ಯಾರಾದರೂ ಇದ್ದರೆ ಕೇಳಿಯೇ ತೆಗೆಯಬೇಕು.

ಕೊನೆಗೆ ಸ್ಯಾಂಕಿ ಕೆರೆ. ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಇದರ ವಿಸ್ತೀರ್ಣ ಸುಮಾರು 37 ಎಕರೆ. ಸಂಜೆ ಸದಾಶಿವನಗರದ ಬದಿಯಲ್ಲಿ ನಿಂತರೆ ಮುಳುಗುವ ಸೂರ್ಯ ಎದುರಿಗಿರುತ್ತಾನೆ. ಬೆಳಗ್ಗೆ ಬರುವವರಿಗೆ ಮಲ್ಲೇಶ್ವರದ ಬದಿ ಸರಿ. ತೆರೆಯುವ, ಮುಚ್ಚುವ ಹೊತ್ತನ್ನು ಬಾಗಿಲ ಬೋರ್ಡಿನಲ್ಲಿ ನೋಡಿಕೊಂಡೇ ಒಳಹೊಕ್ಕರೆ ಬೆಳಕು ಚೆನ್ನಾಗಿರುವಾಗ ಹೊರಬೀಳುವ ಪ್ರಸಂಗ ತಪ್ಪುತ್ತದೆ.

ಏನು ತರಬೇಕು, ಯಾರ ಜೊತೆ

ಒಂದು ಅಗಲದ ಜೂಮ್, ಒಂದು ಟೆಲಿ ಲೆನ್ಸ್, ನೀರು ಮತ್ತು ಎಲೆಗಳ ಹೊಳಪು ತಗ್ಗಿಸಲು ಪೋಲರೈಸರ್, ಮಳೆಗಾಲದಲ್ಲಿ ಚೀಲಕ್ಕೊಂದು ಪ್ಲಾಸ್ಟಿಕ್ ಹೊದಿಕೆ ಇದ್ದರೆ ಬೇರೇನೂ ಬೇಡ. ಬಂಡೆ, ಹೂವಿನ ರಾಶಿ, ಬೀದಿಗಳಿಗೆ ಮೊಬೈಲೂ ಸಾಕು. ಉದ್ಯಾನ, ಸ್ಮಾರಕಗಳಲ್ಲಿ ಕ್ಯಾಮೆರಾ ಶುಲ್ಕದ ದರ ಬದಲಾಗುತ್ತಿರುತ್ತದೆ, ಟಿಕೆಟ್ ಕೌಂಟರಿನಲ್ಲೇ ಕೇಳಬೇಕು. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. 2021ರ ನಿಯಮಗಳ ಪ್ರಕಾರ ವಾಯುನೆಲೆಗಳಿರುವ ನಗರದಲ್ಲಿ ಅನುಮತಿಯಿಲ್ಲದೆ ಹಾರಿಸುವುದು ಅಪರಾಧವಾಗಬಹುದು.

ಒಬ್ಬರೇ ಬಂದವರಿಗೂ ಜೊತೆ ಸಿಗುತ್ತದೆ. 1971ರಿಂದ ಹವ್ಯಾಸಿಗಳನ್ನು ಕಲೆಹಾಕುತ್ತಿರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಬೆಂಗಳೂರಿನದೇ ಸಂಸ್ಥೆ. ಹಕ್ಕಿ ವೀಕ್ಷಕರು ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಲಾಲ್‌ಬಾಗಿನಲ್ಲಿ ಸೇರುವ ರೂಢಿ ದಶಕಗಳಷ್ಟು ಹಳೆಯದು. ಪ್ರವಾಸದ ತಾರೀಖನ್ನು ಆ ಭಾನುವಾರಕ್ಕೆ ಹೊಂದಿಸಿಕೊಂಡರೆ ಯಾವ ಮರದಲ್ಲಿ ಯಾವ ಹಕ್ಕಿ ಎಂದು ಕೈತೋರಿಸಿ ಹೇಳುವವರು ಜೊತೆಗಿರುತ್ತಾರೆ.