ಹಾಲು ಕರೆಯುವ ಮುನ್ನ ಐದು ನಿಮಿಷ ನಿಮಗಾಗಿ



ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಹಾಕಿ ಬರುವ ಕೆಲಸಕ್ಕೆ ಹಬ್ಬವಿಲ್ಲ, ರಜೆಯಿಲ್ಲ. ಜೊತೆಗೆ ಮೇವಿನ ಚಿಂತೆ, ಸಾಲದ ಕಂತು, ರಾಸಿನ ಕಾಯಿಲೆ. ಹೀಗೆ ತಿಂಗಳುಗಟ್ಟಲೆ ದಣಿದಾಗ ಸಣ್ಣ ಮಾತಿಗೂ ಸಿಡಿಮಿಡಿ, ಎದೆ ಡವಡವ, ಕೈನಡುಕ, ನಿದ್ದೆಗೇಡು ಕಾಣಿಸಿಕೊಳ್ಳಬಹುದು. ಇದು ಸೋಮಾರಿತನವಲ್ಲ, ಹೇಡಿತನವೂ ಅಲ್ಲ. ಅಪಾಯ ಬಂದಾಗ ದೇಹವನ್ನು ಎಚ್ಚರಿಸಬೇಕಾದ ನರಮಂಡಲ ಬಿಡುವಿಲ್ಲದೆ ಎಚ್ಚರದಲ್ಲೇ ಉಳಿದಾಗ ಹೀಗಾಗುತ್ತದೆ.

ಹಸುವಿನಲ್ಲೂ ಇಂಥದ್ದೇ ಏರ್ಪಾಡಿದೆ. ಕೆಚ್ಚಲು ತೊಳೆದು ಒರೆಸಿದಾಗ ಆಕ್ಸಿಟೋಸಿನ್ ಎಂಬ ಚೋದಕ ರಕ್ತಕ್ಕೆ ಸೇರಿ, ಸುಮಾರು ಒಂದು ನಿಮಿಷದಲ್ಲಿ ಹಾಲು ಇಳಿಯುತ್ತದೆ. ಗದರುವ ದನಿಗೋ ಒರಟು ಕೈಗೋ ಹಸು ಬೆದರಿದರೆ ಅಡ್ರಿನಲಿನ್ ಎಂಬ ಚೋದಕ ಅದಕ್ಕೆ ಅಡ್ಡಿಯಾಗುತ್ತದೆ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಆದ್ದರಿಂದ ಕರೆಯುವವರ ಮನಸ್ಸು ತಣ್ಣಗಿದ್ದರೆ ಇಬ್ಬರಿಗೂ ಒಳ್ಳೆಯದು.

ಕೆಚ್ಚಲು ತೊಳೆಯುವ ಮುನ್ನ ಹೀಗೆ ಮಾಡಿ:

1. ಜಾರದ ಜಾಗದಲ್ಲಿ ಎರಡೂ ಪಾದ ಊರಿ ನಿಲ್ಲಿ. ನೆಲದ ತಂಪನ್ನೂ ಹಿಮ್ಮಡಿಯ ಮೇಲೆ ಬೀಳುವ ಭಾರವನ್ನೂ ಗಮನಿಸಿ.

2. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರೆಳೆದು, 6 ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಹೀಗೆ ಹತ್ತು ಸಲ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುವುದು ದೇಹದ ಸಹಜ ಗುಣ. ತಲೆ ಸುತ್ತಿದರೆ ನಿಲ್ಲಿಸಿ.

3. ಮುಷ್ಟಿ ಬಿಗಿಹಿಡಿದು, ಭುಜ ಮೇಲೆತ್ತಿ, 5 ಎಣಿಸಿ ಸಡಿಲ ಬಿಡಿ. ಮೂರು ಸಲ ಸಾಕು.

4. ಚಿಂತೆ ಎಲ್ಲೆಲ್ಲೋ ಎಳೆಯುತ್ತಿದ್ದರೆ, ಕಣ್ಣಿಗೆ ಕಾಣುವ ಐದು ವಸ್ತುಗಳನ್ನು ಮನಸ್ಸಿನಲ್ಲೇ ಹೆಸರಿಸಿ: ಗೂಟ, ಹಗ್ಗ, ಗೋದಲಿ, ಬಕೆಟ್, ಕರು. ನಂತರ ಕೇಳಿಸುವ ಮೂರು ಸದ್ದು, ಮೂಗಿಗೆ ತಾಗುವ ಎರಡು ವಾಸನೆ. ನಾಳಿನ ಭಯದಲ್ಲಿರುವ ಮನಸ್ಸು ಈಗಿನ ಕೊಟ್ಟಿಗೆಗೆ ಮರಳುತ್ತದೆ.

5. ಮುಖಕ್ಕೆ ತಣ್ಣೀರು ಎರಚಿಕೊಳ್ಳಿ. ಸೋಪಿನಿಂದ ಕೈ ತೊಳೆದು ಕೆಲಸ ಶುರು ಮಾಡಿ. ಕೆಚ್ಚಲು ತೊಳೆದ ಮೇಲೆ ತಡ ಮಾಡಬೇಡಿ.

ಒಂದೇ ದಿನಕ್ಕೆ ಫಲ ಕಾಣದಿರಬಹುದು. ಎರಡು ಹೊತ್ತು ಕರೆಯುವುದು ತಪ್ಪದಂತೆ ಇದೂ ತಪ್ಪದಿದ್ದರೆ ಅಭ್ಯಾಸವಾಗುತ್ತದೆ.

ಎಚ್ಚರಿಕೆ: ಎದೆನೋವು, ಉಸಿರುಕಟ್ಟುವಿಕೆ ಕಂಡರೆ ನರಗಳ ದಣಿವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಎರಡು ವಾರ ಕಳೆದರೂ ನಿದ್ದೆಯಿಲ್ಲದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ. ಬದುಕೇ ಬೇಡವೆನಿಸಿದರೆ ಆ ಕ್ಷಣವೇ ಮನೆಯವರಿಗೆ ಹೇಳಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಉಸಿರಾಟದಿಂದ ಸಾಲ ತೀರದು, ಮೇವು ಬೆಳೆಯದು, ನಿಜ. ಆದರೆ ಅದನ್ನೆಲ್ಲ ನಿಭಾಯಿಸಬೇಕಾದವರು ನೀವೇ. ಹಸು ಬಳಲಿದರೆ ಆ ದಿನವೇ ಗುರುತಿಸುವ ನೀವು, ನಿಮ್ಮ ಬಳಲಿಕೆಯನ್ನೂ ಗುರುತಿಸಿ.