ಮನೆಯ ಬೆಕ್ಕಿಗೆ ಒಣ ಆಹಾರವೋ, ತೇವದ ಆಹಾರವೋ?

ಹಸುವಿಗೆ ಒಣಹುಲ್ಲು ಎಷ್ಟು, ಹಸಿಮೇವು ಎಷ್ಟು ಎಂದು ನೀವು ಲೆಕ್ಕ ಹಾಕಿಯೇ ಹಾಕುತ್ತೀರಿ. ಆದರೆ ಮನೆಯ ಬೆಕ್ಕಿನ ವಿಷಯದಲ್ಲಿ ಈ ಲೆಕ್ಕ ನಡೆಯುವುದು ಅಪರೂಪ. ಊಟವಾದ ಮೇಲೆ ಉಳಿದ ಅನ್ನಕ್ಕೋ ಮುದ್ದೆಗೋ ಒಂದಿಷ್ಟು ಹಾಲು ಸುರಿದಿಟ್ಟರೆ ಆಯಿತು, ಮಿಕ್ಕಿದ್ದನ್ನು ಅದೇ ಇಲಿ ಹಿಡಿದು ಸರಿಮಾಡಿಕೊಳ್ಳುತ್ತದೆ ಎಂಬುದು ಬಹಳ ಮನೆಗಳಲ್ಲಿರುವ ರೂಢಿ. ಇಂಥ ಮನೆಗಳಲ್ಲಿ ಬೆಕ್ಕು ವರ್ಷಕ್ಕೆ ಎರಡು ಸಲ ಮರಿ ಹಾಕಿದರೂ ಉಳಿಯುವ ಮರಿಗಳು ಬೆರಳೆಣಿಕೆಯಷ್ಟು. ಕಣಜ ಕಾಯಬೇಕಾದ ಬೆಕ್ಕು ಬಡಕಲಾಗಿ ಊರೆಲ್ಲ ಅಲೆಯುತ್ತದೆ.

ಈಗ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿಯೂ ಬೆಕ್ಕಿನ ಸಿದ್ಧ ಆಹಾರ ದೊರೆಯುತ್ತದೆ. ಅದರಲ್ಲಿ ಕಾಳಿನಂತಿರುವ ಒಣ ಆಹಾರ ಒಂದು ಬಗೆ. ಸಣ್ಣ ಪೊಟ್ಟಣ ಅಥವಾ ಡಬ್ಬಿಯಲ್ಲಿ ರಸದೊಡನೆ ಬರುವ ತೇವದ ಆಹಾರ ಇನ್ನೊಂದು ಬಗೆ. ಇವುಗಳಲ್ಲಿ ಯಾವುದನ್ನು, ಎಷ್ಟು, ಯಾವ ವಯಸ್ಸಿಗೆ ಕೊಡಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಹಸಿದ ಬೆಕ್ಕು ಹೆಚ್ಚು ಇಲಿ ಹಿಡಿಯುವುದೇ?

ಇಲ್ಲ. ಬೇಟೆಯಾಡುವುದು ಬೆಕ್ಕಿನ ಹುಟ್ಟುಗುಣ. ಹೊಟ್ಟೆ ತುಂಬಿದ್ದರೂ ಇಲಿ ಕಂಡರೆ ಅದು ಹೊಂಚು ಹಾಕುತ್ತದೆ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್ ಅವರು ರೈತರ ಮನೆಗಳಲ್ಲಿದ್ದ ಬೆಕ್ಕುಗಳನ್ನು ಕುರಿತು 1953ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಮೊದಲು ಇಲಿಗಳನ್ನು ನಿರ್ಮೂಲ ಮಾಡಿ, ಆಮೇಲೆ ಬೆಕ್ಕುಗಳಿಗೆ ಮನೆಯ ಬಳಿಯೇ ದಿನವೂ ಆಹಾರ ಕೊಟ್ಟು ನಿಲ್ಲಿಸಿಕೊಂಡರೆ ಇಲಿಗಳು ಮತ್ತೆ ಬಂದು ಸೇರುವುದನ್ನು ತಡೆಯಬಹುದು ಎಂಬುದು ಅದರ ಸಾರ. ಊಟ ಸಿಗುವ ಕಡೆ ಬೆಕ್ಕು ನಿಲ್ಲುತ್ತದೆ. ಸಿಗದಿದ್ದರೆ ಪರಸ್ಥಳಕ್ಕೆ ಹೋಗುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಸುಮಾರು 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೋ ಕ್ಯಾಲೊರಿ ಶಕ್ತಿ ಬೇಕು. ಮನೆಯ ಸಣ್ಣ ಇಲಿಯೊಂದರಿಂದ ದೊರೆಯುವುದು ಸುಮಾರು 30 ಕಿಲೋ ಕ್ಯಾಲೊರಿ. ಅಂದರೆ ಬೇಟೆಯಿಂದಲೇ ಬದುಕಬೇಕಾದರೆ ದಿನವೂ 7-8 ಇಲಿ ಬೇಕು. ಇದು ಎಲ್ಲ ದಿನವೂ ಆಗುವ ಮಾತಲ್ಲ.

ಅನ್ನ-ಹಾಲು ಏಕೆ ಸಾಲದು?

ನಾಯಿ ಮುದ್ದೆ ತಿಂದು ಬದುಕಬಲ್ಲದು. ಬೆಕ್ಕಿನ ದೇಹಧರ್ಮವೇ ಬೇರೆ. ಬೆಕ್ಕು ಸಂಪೂರ್ಣ ಮಾಂಸಾಹಾರಿ. ಅದಕ್ಕೆ ಸಸಾರಜನಕ, ಅಂದರೆ ಪ್ರೋಟೀನು, ಹೆಚ್ಚಿನ ಪ್ರಮಾಣದಲ್ಲಿ ಬೇಕು. ಹಸಿರು ಸೊಪ್ಪು, ಗಜ್ಜರಿಗಳಲ್ಲಿರುವ ಕ್ಯಾರೊಟಿನ್ ಅನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳಲು ಅದಕ್ಕೆ ಸಾಧ್ಯವಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಟಾರಿನ್ ಎಂಬ ವಸ್ತು. ಇದು ಮಾಂಸ, ಮೀನುಗಳಲ್ಲಿದೆ, ಧಾನ್ಯಗಳಲ್ಲಿಲ್ಲ. ಬೆಕ್ಕು ತನ್ನ ದೇಹದಲ್ಲಿ ಇದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಒಳಪರದೆ ಕೆಟ್ಟು ಕುರುಡು ಬರುತ್ತದೆಂದು 1975ರಲ್ಲಿಯೂ, ಹೃದಯದ ಸ್ನಾಯು ಸಡಿಲಗೊಂಡು ಸಾವು ಬರುತ್ತದೆಂದು 1987ರಲ್ಲಿಯೂ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಆ ಮೇಲೆ ಸಿದ್ಧ ಆಹಾರಗಳಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು. ನಾಯಿಯ ಆಹಾರವನ್ನು ಬೆಕ್ಕಿಗೆ ದಿನವೂ ಹಾಕಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಹಾಲಿನ ವಿಷಯ. ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿಹಾಲಿಗೆ ಹೆದರಿ ಓಡಿದ ಕಥೆ ಎಲ್ಲರಿಗೂ ಗೊತ್ತು. ಬೇರೆ ಬೆಕ್ಕುಗಳು ಹಾಲನ್ನು ಆಸೆಯಿಂದಲೇ ಕುಡಿಯುತ್ತವೆ; ಆದರೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಮರಿತನ ಕಳೆದಂತೆ ಕುಗ್ಗುವುದರಿಂದ ಅನೇಕ ಬೆಕ್ಕುಗಳಿಗೆ ಭೇದಿಯಾಗುತ್ತದೆ. ಒಗ್ಗುವ ಬೆಕ್ಕಿಗೆ ಸ್ವಲ್ಪ ಕೊಟ್ಟರೆ ದೋಷವಿಲ್ಲ, ಹಾಲೇ ಊಟವಾಗಬಾರದು.

ಒಣ ಆಹಾರ, ತೇವದ ಆಹಾರ: ವ್ಯತ್ಯಾಸ

ಒಣ ಆಹಾರದಲ್ಲಿ ನೀರಿನ ಅಂಶ ಸುಮಾರು ಶೇಕಡ 10. ತೇವದ ಆಹಾರದಲ್ಲಿ ಶೇಕಡ 75ರಿಂದ 80. ಆದ್ದರಿಂದ ಪೊಟ್ಟಣದ ಮೇಲಿನ ಅಂಕಿಗಳನ್ನು ಹಾಗೆಯೇ ಹೋಲಿಸಬಾರದು. ಮೇವಿನಲ್ಲಿ ನೋಡುವಂತೆ ಶುಷ್ಕಾಂಶದ ಲೆಕ್ಕದಲ್ಲಿ ಹೋಲಿಸಬೇಕು.

ಉದಾಹರಣೆಗೆ, ಒಣ ಆಹಾರದಲ್ಲಿ ಸಸಾರಜನಕ ಶೇಕಡ 32, ನೀರು ಶೇಕಡ 10 ಎಂದಿರಲಿ. ಶುಷ್ಕಾಂಶ 90. 32ನ್ನು 90ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 36 ಬರುತ್ತದೆ. ತೇವದ ಆಹಾರದಲ್ಲಿ ಸಸಾರಜನಕ ಶೇಕಡ 10, ನೀರು ಶೇಕಡ 80 ಎಂದಿದ್ದರೆ ಶುಷ್ಕಾಂಶ 20. ಅದರಂತೆ ಸಸಾರಜನಕ ಶೇಕಡ 50 ಆಯಿತು! ಪೊಟ್ಟಣದ ಮೇಲೆ 10 ಎಂದು ಕಂಡದ್ದು ನಿಜವಾಗಿ 32ಕ್ಕಿಂತ ಕಡಿಮೆಯಲ್ಲ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ ಮಾನದಂಡದಂತೆ, ಶುಷ್ಕಾಂಶದ ಲೆಕ್ಕದಲ್ಲಿ ದೊಡ್ಡ ಬೆಕ್ಕಿಗೆ ಕನಿಷ್ಠ ಶೇಕಡ 26, ಬೆಳೆಯುವ ಮರಿಗೆ ಕನಿಷ್ಠ ಶೇಕಡ 30 ಸಸಾರಜನಕವಿರಬೇಕು.

ಒಣ ಆಹಾರದ ಅನುಕೂಲಗಳು: ಬೆಲೆ ಕಡಿಮೆ, ಕೆಡುವುದಿಲ್ಲ, ಸ್ವಲ್ಪವೇ ಸಾಕು. 100 ಗ್ರಾಂನಲ್ಲಿ 350ರಿಂದ 400 ಕಿಲೋ ಕ್ಯಾಲೊರಿ ಇರುವುದರಿಂದ 4 ಕಿಲೋ ಬೆಕ್ಕಿಗೆ ದಿನಕ್ಕೆ 55ರಿಂದ 65 ಗ್ರಾಂ ಆಗುತ್ತದೆ. ಅನಾನುಕೂಲವೆಂದರೆ ನೀರಿನ ಕೊರತೆ. ಬೆಕ್ಕಿನ ಪೂರ್ವಜರು ಒಣನಾಡಿನ ಕಾಡುಬೆಕ್ಕುಗಳು. ಅವು ಬೇಟೆಯ ಮಾಂಸದಿಂದಲೇ ಬಹುಪಾಲು ನೀರು ಪಡೆಯುತ್ತಿದ್ದವು. ಆದ್ದರಿಂದ ಬೆಕ್ಕಿಗೆ ಬಾಯಾರಿಕೆ ಕಡಿಮೆ. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು, 60 ಗ್ರಾಂ ಒಣ ಆಹಾರದಿಂದ ದೊರೆಯುವುದು 6 ಮಿ.ಲೀ. ಮಾತ್ರ. ಮಿಕ್ಕಿದ್ದನ್ನು ಅದು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ತೊಂದರೆಗೆ ದಾರಿಯಾಗುತ್ತದೆ.

ತೇವದ ಆಹಾರದಲ್ಲಿ ನೀರು ತಾನಾಗಿಯೇ ಒದಗುತ್ತದೆ. ಹಲ್ಲು ಹೋದ ಮುದಿ ಬೆಕ್ಕಿಗೂ ಎಳೆಯ ಮರಿಗೂ ತಿನ್ನಲು ಸುಲಭ. ಆದರೆ ದುಬಾರಿ. 85 ಗ್ರಾಂ ಪೊಟ್ಟಣವೊಂದರಲ್ಲಿ ಸುಮಾರು 70 ಕಿಲೋ ಕ್ಯಾಲೊರಿ ಇರುವುದರಿಂದ ಇದೊಂದನ್ನೇ ಕೊಡುವುದಾದರೆ ದಿನಕ್ಕೆ 3 ಪೊಟ್ಟಣ ಬೇಕಾಗುತ್ತದೆ.

ಏನು ಮಾಡಬೇಕು?

ಎರಡನ್ನೂ ಸೇರಿಸಿ ಕೊಡುವುದು ಉತ್ತಮ. ದಿನಕ್ಕೆ 40 ಗ್ರಾಂ ಒಣ ಆಹಾರ ಮತ್ತು ಒಂದು ಪೊಟ್ಟಣ ತೇವದ ಆಹಾರ ಕೊಟ್ಟರೆ ಸುಮಾರು 220 ಕಿಲೋ ಕ್ಯಾಲೊರಿ ದೊರೆಯುತ್ತದೆ. ಇದು ದುಬಾರಿಯೆನಿಸಿದರೆ ಒಣ ಆಹಾರವನ್ನೇ ಬಿಸಿ ಆರಿದ ನೀರಿನಲ್ಲಿ ನೆನೆಸಿ ಕೊಡಿ. ಬೆಲೆಯನ್ನು ಹೋಲಿಸುವಾಗ ಕಿಲೋ ಲೆಕ್ಕ ಬೇಡ. ಒಂದು ದಿನದ ಊಟಕ್ಕೆ ಎಷ್ಟಾಗುತ್ತದೆ ಎಂದು ನೋಡಿ. ಈ ಕೆಳಗಿನ ಅಂಶಗಳನ್ನೂ ಗಮನಿಸಿ:

1. ಪೊಟ್ಟಣದ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದು ಇರಬೇಕು. 'ಟ್ರೀಟ್' ಅಥವಾ 'ಕಾಂಪ್ಲಿಮೆಂಟರಿ' ಎಂದಿದ್ದರೆ ಅದು ತಿಂಡಿ, ಊಟವಲ್ಲ.

2. ದಿನದ ಪಾಲನ್ನು ಬೆಳಿಗ್ಗೆ, ಸಂಜೆ ಎರಡು ಹೊತ್ತು ಗೊತ್ತಾದ ಜಾಗದಲ್ಲಿ ಕೊಡಿ. ಸಂಜೆಯ ಊಟ ಕಣಜದ ಸಮೀಪದಲ್ಲಿದ್ದರೆ ರಾತ್ರಿ ಬೆಕ್ಕು ಅಲ್ಲೇ ಇರುತ್ತದೆ.

3. ಅಗಲ ಬಾಯಿಯ ಪಾತ್ರೆಯಲ್ಲಿ ಶುದ್ಧ ನೀರು ಸದಾ ಇರಲಿ, ದಿನವೂ ಬದಲಾಯಿಸಿ.

4. ತೆರೆದ ತೇವದ ಆಹಾರವನ್ನು ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡಿ. ಒಣ ಆಹಾರವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಇಲ್ಲವಾದರೆ ಅದೇ ಇಲಿಗೆ ಔತಣವಾದೀತು.

5. ಹೊಸ ಆಹಾರವನ್ನು ಹಳೆಯದರೊಡನೆ ಸ್ವಲ್ಪಸ್ವಲ್ಪವೇ ಬೆರೆಸಿ 7ರಿಂದ 10 ದಿನಗಳಲ್ಲಿ ಬದಲಾಯಿಸಿ.

ಮನೆಯಲ್ಲಿ ಮಾಂಸ, ಮೀನು ಬೇಯಿಸುವವರು ಉಪ್ಪು-ಖಾರ ಹಾಕುವ ಮೊದಲೇ ಬೆಕ್ಕಿನ ಪಾಲನ್ನು ತೆಗೆದಿಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ನಾಶಮಾಡುತ್ತವೆ. ಸಾರಿನಲ್ಲಿ ಬೆಂದಿದ್ದರೂ ವಿಷವೇ. ಬರೀ ಮಾಂಸ ಹಾಕಿದರೆ ಸುಣ್ಣಾಂಶ ಸಾಲದೆ ಮರಿಯ ಮೂಳೆ ಮುರಿಯುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕನ್ನೂ ಸಸ್ಯಾಹಾರಿ ಮಾಡಲು ಹೋಗಬಾರದು. ಒಣ ಆಹಾರದ ಡಬ್ಬಿಯನ್ನು ಕೊಟ್ಟಿಗೆಯಲ್ಲಿಟ್ಟು ಅಲ್ಲಿಯೇ ಹಾಕುವ ಏರ್ಪಾಟು ಮಾಡಬಹುದು.

ಮರಿಗಳ ಪೋಷಣೆ

ಹುಟ್ಟಿದಾಗ ಮರಿಯ ತೂಕ ಸುಮಾರು 100 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಹೆಚ್ಚಬೇಕು. ತೂಕ ಹೆಚ್ಚದಿದ್ದರೆ ಹಾಲು ಸಾಲದೆಂದು ತಿಳಿಯಿರಿ. ಹಾಲೂಡುವ ತಾಯಿಗೆ ಎಂದಿನ ಎರಡು-ಮೂರು ಪಟ್ಟು ಆಹಾರ ಬೇಕಾಗುವುದರಿಂದ ಆ ಕಾಲದಲ್ಲಿ ಅದಕ್ಕೂ ಮರಿಗಳ ಆಹಾರವನ್ನೇ ತಿಂದಷ್ಟು ಕೊಡಿ.

ನಾಲ್ಕನೆಯ ವಾರದಿಂದ ಮರಿಗಳ ಒಣ ಆಹಾರವನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಕಿವುಚಿ, ಅಂಬಲಿಯಂತೆ ಮಾಡಿ ತಟ್ಟೆಯಲ್ಲಿಡಿ. ವಾರದಿಂದ ವಾರಕ್ಕೆ ನೀರು ಕಡಿಮೆ ಮಾಡಿ. ಎಂಟನೆಯ ವಾರಕ್ಕೆ ಹಾಲು ಬಿಡಿಸಬಹುದು. ನಾಲ್ಕು ತಿಂಗಳವರೆಗೆ ದಿನಕ್ಕೆ 4 ಸಲ, ಆರು ತಿಂಗಳವರೆಗೆ 3 ಸಲ, ಆಮೇಲೆ 2 ಸಲ ಆಹಾರ ಕೊಡಿ. ಒಂದು ವರ್ಷ ತುಂಬುವವರೆಗೂ ಮರಿಗಳ ಆಹಾರವೇ ಇರಲಿ.

ತಾಯಿಯಿಲ್ಲದ ಮರಿಗೆ ಹಸುವಿನ ಹಾಲು ಸಾಲದು. ಬೆಕ್ಕಿನ ಹಾಲಿನಲ್ಲಿ ಸಸಾರಜನಕ ಅದರ ಎರಡರಷ್ಟಿದೆ. ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿಯನ್ನು ಉಪಯೋಗಿಸಿ. ಮರಿಯನ್ನು ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು.

ತಡಮಾಡಬಾರದ ಸಂದರ್ಭಗಳು

ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು, ಕೂಗಿ, ಮೂತ್ರ ಬಾರದಿದ್ದರೆ ನಾಳ ಕಟ್ಟಿದೆಯೆಂದು ತಿಳಿದು ಆ ದಿನವೇ ಪಶುವೈದ್ಯರ ಬಳಿ ಒಯ್ಯಿರಿ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಮೈತುಂಬಿದ ಬೆಕ್ಕು ಎರಡು-ಮೂರು ದಿನ ಆಹಾರ ಮುಟ್ಟದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ರೋಗ ಬರುತ್ತದೆ, ಹಠಕ್ಕೆ ಬಿಡಬೇಡಿ. ಬ್ರೋಮಾಡಿಯೋಲಾನ್ ಅಥವಾ ಸತುವಿನ ಫಾಸ್ಫೈಡ್ ತಿಂದು ಸತ್ತ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ಅಪಾಯ. ವಿಷ ಇಟ್ಟ ದಿನಗಳಲ್ಲಿ ಬೆಕ್ಕನ್ನು ಒಳಗೆ ಕೂಡಿಹಾಕಿ, ಸತ್ತ ಇಲಿಗಳನ್ನು ಆಳವಾಗಿ ಹೂಳಿ. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಬೇಡಿ. ಒಂದೇ ಮಾತ್ರೆ ಕೊಲ್ಲಬಲ್ಲದು.

ಬೆಕ್ಕಿನ ಊಟಕ್ಕೆ ದಿನಕ್ಕೆ ಬೇಕಾಗುವುದು ಒಂದು ಹಿಡಿ ಆಹಾರ, ಒಂದು ಲೋಟ ನೀರು. ವರ್ಷವಿಡೀ ಬೆವರು ಸುರಿಸಿ ಬೆಳೆದ ರಾಗಿ, ಜೋಳ, ಭತ್ತವನ್ನು ರಾತ್ರಿ ಕಾಯುವ ಪ್ರಾಣಿಗೆ ಇಷ್ಟನ್ನು ಅರಿತು ಕೊಡುವುದು ನಷ್ಟದ ಬಾಬತ್ತಲ್ಲ.